ಪಳಗದ ಕಾಲು

ನನ್ನ ಕಾಯಿಲೆಯ ಹೆಸರು ಹೇಳಿದರೆ ಕೇಳಿದವರು ಮುಂದೆ ಇನ್ನೂ ಏನೋ ಇದೆ ಎಂದು ಕಾಯುತ್ತಾರೆ. ನಾನು ಸುಮ್ಮನಾದಾಗ, "ಅಷ್ಟೇನಾ?" ಅನ್ನುತ್ತಾರೆ. ಶಿನ್ ಸ್ಪ್ಲಿಂಟ್ಸ್. ಮಂಡಿಯಿಂದ ಕೆಳಗೆ, ಚರ್ಮಕ್ಕೆ ತೀರ ಹತ್ತಿರದಲ್ಲೇ ಒಂದು ಎಲುಬು ಇಳಿದು ಬರುತ್ತದೆ. ಮಂಚದ ಕಾಲಿಗೆ ಬಡಿದುಕೊಂಡು ನಾವೆಲ್ಲ ಒಂದಲ್ಲ ಒಂದು ದಿನ ಕೂಗಿಕೊಂಡಿರುವ ಎಲುಬು ಅದು. ಅದರ ಒಳಅಂಚಿನ ನೋವಿಗೆ ಈ ಹೆಸರು. ಓಡುವವರಿಗೆ, ನೃತ್ಯ ಮಾಡುವವರಿಗೆ, ಕವಾಯತು ಮಾಡುವವರಿಗೆ ಬರುತ್ತದೆ. ಹೆಚ್ಚಿನವರಿಗೆ ಕೆಲವು ವಾರ ಕಾಲಿಗೆ ಬಿಡುವು ಕೊಟ್ಟರೆ ಹೋಗುತ್ತದೆ. ಸಣ್ಣ ಕಾಯಿಲೆ. ಸಣ್ಣದಾದ್ದರಿಂದಲೇ ಅದನ್ನು ಹಿಡಿದುಕೊಂಡು ಅಳುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಈಗ ಎಲ್ಲಾದರೂ ಹಾಗೆ ನಾಚಿಕೊಂಡು ಕೂತಿರುವವರು ಇದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಸಸ್ಯಶಾಸ್ತ್ರ. ಎಂ.ಎಸ್ಸಿ. ಮುಗಿದ ಮೇಲೆ ತಮಿಳುನಾಡಿನ ಅರಣ್ಯ ಇಲಾಖೆಯ ವಲಯಾಧಿಕಾರಿ ಹುದ್ದೆಗೆ ಪರೀಕ್ಷೆ ಬರೆದೆ. ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿತು. ಎರಡನೆಯ ಸಲ ಲಿಖಿತ ಪರೀಕ್ಷೆಯಲ್ಲಿ ಪಾಸಾದೆ. ಆ ಹುದ್ದೆಗೆ ವಯಸ್ಸಿನ ಮಿತಿ ಇದೆ. ಇಲಾಖೆ ಮತ್ತೊಮ್ಮೆ ಅರ್ಜಿ ಕರೆಯುವ ಹೊತ್ತಿಗೆ ನಾನು ಅದನ್ನು ದಾಟಿರುತ್ತಿದ್ದೆ. ಇನ್ನು ಉಳಿದದ್ದು ನಡಿಗೆಯ ಪರೀಕ್ಷೆ: ಗೊತ್ತುಪಡಿಸಿದ ದೂರವನ್ನು ನಾಲ್ಕು ಗಂಟೆಯೊಳಗೆ ನಡೆದು ಮುಗಿಸಬೇಕು. ಓಡಬೇಕಾಗಿಲ್ಲ, ಆದರೆ ನಮ್ಮ ಮಾಮೂಲಿ ನಡಿಗೆಯಲ್ಲಿ ಮುಗಿಯುವ ದೂರವೂ ಅಲ್ಲ.

ಅಪ್ಪಯ್ಯನಿಗೆ ಇದನ್ನು ಹೇಳಿದಾಗ ಅವರು ಹೋಟೆಲಿನ ಗಲ್ಲಾದ ಹಿಂದೆ ನಿಂತಿದ್ದರು. ಕುಂದಾಪುರದ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಮದ್ರಾಸಿಗೆ ಬಂದು, ಕ್ಲೀನರ್ ಆಗಿ, ಸಪ್ಲಾಯರ್ ಆಗಿ, ಕೊನೆಗೆ ಅಲ್ಲೇ ಪೋರೂರು ಬಡಾವಣೆಯಲ್ಲಿ ಸ್ವಂತದ್ದೊಂದು ಸಣ್ಣ ಸಸ್ಯಾಹಾರಿ ಹೋಟೆಲು ಇಟ್ಟವರು ಅವರು.

"ನಡೀಲಿಕ್ಕೂ ಪರೀಕ್ಷೆಯಾ?" ಎಂದರು. "ನಮ್ಮ ಸಪ್ಲಾಯರುಗಳನ್ನು ಕಳಿಸು ಮಾರಾಯ್ತಿ. ಬೆಳಗ್ಗಿನ ಇಡ್ಲಿ ಮುಗಿಯುವುದರೊಳಗೆ ಪಾಸಾಗಿ ಬರ್ತಾರೆ. ಕೈಯಲ್ಲಿ ಸಾಂಬಾರು ಬಕೆಟು ಬೇರೆ."

ಅಮ್ಮ ನಗಲಿಲ್ಲ. "ಕಾಡು, ಗುಡ್ಡೆ ಎಲ್ಲ ಬೇಡ ಅಂತ ನಾವು ಇಷ್ಟು ದೂರ ಬಂದದ್ದು. ಇವಳು ವಾಪಸು ಅಲ್ಲಿಗೇ ಹೊರಟಿದ್ದಾಳೆ, ಹ್ವಾಯ್, ಕೇಳಿತಾ ನಿಮಗೆ?"

ನನಗೆ ಆ ಕೆಲಸ ಯಾಕೆ ಬೇಕಿತ್ತು ಎಂಬುದನ್ನು ನಾನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಕಾಲೇಜಿನಿಂದ ಕ್ಷೇತ್ರಾಧ್ಯಯನಕ್ಕೆ ಹೋದಾಗ ಒಂದು ಸಂಗತಿ ಗೊತ್ತಾಗಿತ್ತು. ಕಾಡಿನಲ್ಲಿ ನಾನು ಮಾತಾಡದೆ ಇರುವುದು ಯಾರಿಗೂ ಕೊರತೆಯಾಗಿ ಕಾಣುತ್ತಿರಲಿಲ್ಲ. ತೊಗಟೆ ನೋಡಿ ಮರದ ಹೆಸರು ಹೇಳಿದರೆ ಸಾಕಿತ್ತು. ಹೋಟೆಲಿನ ಗದ್ದಲದಲ್ಲಿ ಬೆಳೆದವಳಿಗೆ ಅದು ಎಷ್ಟು ದೊಡ್ಡದು ಎಂದು ವಿವರಿಸಲು ಹೋದರೆ ಅಪ್ಪಯ್ಯನಿಗೆ ಬೇಸರವಾಗುತ್ತಿತ್ತು.

ಪೋರೂರು ಕೆರೆಯ ಪಕ್ಕದ ಕಾಂಕ್ರೀಟು ರಸ್ತೆಯಲ್ಲಿ ಬೆಳಿಗ್ಗೆ ನಡೆಯಲು ಶುರು ಮಾಡಿದೆ. ಕಾಲೇಜಿನ ಕಾಲದ ಕ್ಯಾನ್ವಾಸ್ ಶೂ; ಹಿಮ್ಮಡಿಯ ಕಡೆ ಸವೆದು ತೆಳ್ಳಗಾಗಿತ್ತು. ಪರೀಕ್ಷೆಯ ದೂರ ದೊಡ್ಡದು, ಕಾಲ ಕಡಿಮೆ. ಹಾಗಾಗಿ ಮೊದಲ ವಾರದಲ್ಲೇ ಅಭ್ಯಾಸ ಇಲ್ಲದ ಕಾಲಿನ ಮೇಲೆ ಬಹಳ ಹೇರಿದೆ. ಎರಡನೆಯ ವಾರದ ಹೊತ್ತಿಗೆ ಎಡಗಾಲಿನ ಎಲುಬಿನ ಉದ್ದಕ್ಕೂ ಮಂದವಾದ ಒಂದು ನೋವು ಬಂತು. ನಡಿಗೆಯ ಆರಂಭದಲ್ಲಿ ಇರುತ್ತಿತ್ತು, ಮೈ ಬಿಸಿಯಾದ ಮೇಲೆ ಮಾಯವಾಗುತ್ತಿತ್ತು, ಮನೆಗೆ ಬಂದು ಕೂತರೆ ಮತ್ತೆ ಬರುತ್ತಿತ್ತು. ಮಧ್ಯದಲ್ಲಿ ಮಾಯವಾಗುತ್ತಿದ್ದುದರಿಂದ ನಾನು ಅದನ್ನು ನಂಬಿದೆ. ಈ ನೋವು ಮೋಸ ಮಾಡುವುದೇ ಆ ಮಧ್ಯದಲ್ಲಿ.

ಹೋಟೆಲಿನವರ ಮನೆಯಲ್ಲಿ ಕಾಲುನೋವು ಸುದ್ದಿಯಲ್ಲ. ನಮ್ಮಲ್ಲಿ ಕೆಲಸಕ್ಕೆ ಸೇರಿದ ಯಾರೇ ಆಗಲಿ, ಮೊದಲ ತಿಂಗಳು ಸಂಜೆ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಾರೆ. ಅಪ್ಪಯ್ಯ ಅವರಿಗೆ ರಜೆ ಕೊಡುವುದಿಲ್ಲ. ಅದು ಕ್ರೌರ್ಯವಲ್ಲ, ಅವರ ಅನುಭವ. ಆ ತಿಂಗಳು ಊರಿಗೆ ಹೋಗಿ ಮಲಗಿದವರು ಮತ್ತೆ ಬರುವುದಿಲ್ಲ. ನಿಂತವರ ಕಾಲು ಎರಡನೆಯ ತಿಂಗಳಲ್ಲಿ ತಾನಾಗಿಯೇ ಸುಮ್ಮನಾಗುತ್ತದೆ.

"ಇದು ಪಳಗುವ ನೋವು ಮಗಾ," ಎಂದರು ಅಪ್ಪಯ್ಯ, ನನ್ನ ಕಾಲನ್ನು ಬೆಳಕಿಗೆ ಹಿಡಿದು ನೋಡಿ. "ಈಗ ಕೂತ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಅರ್ಧ ಪಳಗಿದ ಕಾಲು ಯಾವುದಕ್ಕೂ ಉಪಯೋಗ ಇಲ್ಲ. ನನ್ನ ಕಾಲು ನೋಡು."

ಅವರ ಕಾಲಿನಲ್ಲಿ ನೀಲಿ ನರಗಳು ಗಂಟುಗಂಟಾಗಿ ಉಬ್ಬಿದ್ದವು.

"ಇದನ್ನು ತೋರಿಸಿ ಧೈರ್ಯ ಹೇಳ್ತೀರಾ ಅವಳಿಗೆ?" ಎಂದಳು ಅಮ್ಮ ಒಳಗಿನಿಂದ.

ಅಂದಿನಿಂದ ಸಂಜೆ, ಹೋಟೆಲಿನಲ್ಲಿ ಕಾಫಿಯ ಗಿರಾಕಿ ಕಡಿಮೆಯಾಗುವ ಹೊತ್ತಿನಲ್ಲಿ, ಅವರು ಮನೆಗೆ ಬಂದು ನನ್ನ ಕಾಲು ಒತ್ತತೊಡಗಿದರು. ಎಳ್ಳೆಣ್ಣೆ ಬಿಸಿ ಮಾಡಿ, ಎರಡೂ ಹೆಬ್ಬೆರಳುಗಳನ್ನು ಎಲುಬಿನ ಅಂಚಿಗೆ ಇಟ್ಟು, ಮಂಡಿಯಿಂದ ಪಾದದವರೆಗೆ ಬಲವಾಗಿ ಎಳೆಯುತ್ತಿದ್ದರು. ಅವರು ಕೆಲಸ ಕಲಿತ ಮೊದಲ ಹೋಟೆಲಿನಲ್ಲಿ ಸಪ್ಲಾಯರುಗಳು ಒಬ್ಬರಿಗೊಬ್ಬರು ಹಾಗೆ ಮಾಡಿಕೊಳ್ಳುತ್ತಿದ್ದರಂತೆ. ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. "ಬರ್ಲಿ, ಒಳ್ಳೇದೇ," ಎನ್ನುತ್ತಿದ್ದರು. ಒತ್ತುತ್ತಾ ಹಳೆಯ ಕಥೆ ಹೇಳುತ್ತಿದ್ದರು: ಟಿ. ನಗರದಲ್ಲಿ ದೀಪಾವಳಿಯ ಜನಜಂಗುಳಿಗೆ ಕಾಫಿ ಕೊಟ್ಟದ್ದು, ತಮಿಳು ಬಾರದೆ 'ತಣ್ಣಿ', ಅಂದರೆ ನೀರು, ಕೇಳಿದವರಿಗೆ ತಣ್ಣಗಾದ ಸಾಂಬಾರು ಕೊಟ್ಟು ಬೈಸಿಕೊಂಡದ್ದು. ನನಗೆ ನೆನಪಿರುವಂತೆ ಅಷ್ಟು ಹೊತ್ತು ಅವರು ನನ್ನೊಬ್ಬಳ ಜೊತೆ ಕೂತು ಮಾತಾಡಿದ್ದು ಬೇರೆ ಯಾವಾಗಲೂ ಇಲ್ಲ. ನೋವು ಹೆಚ್ಚುತ್ತಿದೆ ಎಂದು ನನ್ನ ಕಾಲಿಗೆ ಗೊತ್ತಿತ್ತು. ಆದರೆ ಅಪ್ಪಯ್ಯನ ಜೊತೆಗಿನ ಆ ಹೊತ್ತು ತಪ್ಪಿಹೋಗುವುದು ನನಗೆ ಬೇಕಿರಲಿಲ್ಲ.

ಈ ನಡುವೆ ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋಗಿದ್ದೆ. ನೋವು ಎಲ್ಲಿ ಎಂದು ವೈದ್ಯರು ಕೇಳಿದಾಗ ಅಂಗೈಯನ್ನು ಎಲುಬಿನ ಉದ್ದಕ್ಕೆ ಸವರಿ ತೋರಿಸಿದೆ. ಅವರು ಕಾಯಿಲೆಯ ಹೆಸರು ಹೇಳಿ, ಕೆಲವು ವಾರ ನಡಿಗೆ ನಿಲ್ಲಿಸಿ, ಮಂಜುಗಡ್ಡೆ ಇಡಿ, ಒಳ್ಳೆಯ ಶೂ ಕೊಳ್ಳಿ, ಮತ್ತೆ ಶುರು ಮಾಡುವಾಗ ಮಣ್ಣಿನ ನೆಲದ ಮೇಲೆ ನಿಧಾನವಾಗಿ ಶುರು ಮಾಡಿ ಎಂದರು. ಅಷ್ಟನ್ನು ಮಾಡಿದ್ದರೆ ಸಾಕಿತ್ತು. ಇದನ್ನು ಓದುತ್ತಿರುವವರಿಗೆ ಉಪಯೋಗಕ್ಕೆ ಬರುವ ವಾಕ್ಯ ಈ ಇಡೀ ಬರಹದಲ್ಲಿ ಅದೊಂದೇ ಇರಬಹುದು.

"ಕೆಲವು ವಾರವಾ?" ಎಂದರು ಅಪ್ಪಯ್ಯ. "ಪರೀಕ್ಷೆಗೆ ಉಳಿದದ್ದೇ ಅಷ್ಟು. ಡಾಕ್ಟ್ರಿಗೆ ಹೇಳ್ಲಿಕ್ಕೆ ಎಂತ, ಅವರಿಗೆ ಕೂತು ಮಾಡುವ ಕೆಲಸ."

ಶೂ ಕೊಂಡೆವು. ಮಂಜುಗಡ್ಡೆಯನ್ನು ಅಮ್ಮ ಹೋಟೆಲಿನಲ್ಲಿ ಜ್ಯೂಸಿಗೆಂದು ಇಡುವ ಐಸ್ ಡಬ್ಬಿಯಿಂದ ಬಟ್ಟೆಯಲ್ಲಿ ಕಟ್ಟಿ ತಂದು ಕೊಟ್ಟಳು. ನಡಿಗೆ ನಿಲ್ಲಲಿಲ್ಲ.

ಒಂದು ದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ, ನಡಿಗೆ ಶುರುವಾಗುವ ಮೊದಲೇ, ನೋವು ಬಂತು. ಆಮೇಲೆ ಅದು ಹೋಗಲೇ ಇಲ್ಲ. ಮಲಗಿದಾಗಲೂ ಇತ್ತು. ಪೋರೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂಳೆಯ ವೈದ್ಯೆ, ನನಗಿಂತ ಸ್ವಲ್ಪ ದೊಡ್ಡವರು, ತಮಿಳಿನಲ್ಲಿ ಕೇಳಿದರು: "ಒಂದೇ ಬೆರಳಲ್ಲಿ ತೋರಿಸಿ. ಎಲ್ಲಿ?" ನಾನು ತೋರುಬೆರಳನ್ನು ಒಂದು ಬಿಂದುವಿನ ಮೇಲೆ ಇಟ್ಟೆ. ಅಂಗೈ ಬೇಕಾಗಲಿಲ್ಲ ಎಂಬುದು ಇಟ್ಟ ಮೇಲೆ ನನ್ನ ಗಮನಕ್ಕೆ ಬಂತು. ವೈದ್ಯೆಯ ಮುಖ ನೋಡಿದೆ. ನೋವು ಒಂದೇ ಬಿಂದುವಿಗೆ ಬಂದು ನಿಂತರೆ ಏನರ್ಥ ಎಂದು ಅವರಿಗೆ ಗೊತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂ.ಆರ್.ಐ. ಬರೆದುಕೊಟ್ಟರು.

ಸ್ಕ್ಯಾನಿನ ಕಾಯುವ ಕೋಣೆಯಲ್ಲಿ ಏಸಿ ವಿಪರೀತ. ನನ್ನ ಪಕ್ಕದಲ್ಲಿ ಟಿ. ನಗರದ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹೆಂಗಸು ಕೂತಿದ್ದಳು. ದಿನವಿಡೀ ನಿಂತು ಸೀರೆ ಬಿಡಿಸುವ ಕೆಲಸ, ಹಿಮ್ಮಡಿ ಹೋಗಿತ್ತು. ನನಗೆ ಏನಾಗಿದೆ ಎಂದು ಕೇಳಿದಳು, ಹೇಳಿದೆ.

"ನಿನಗೆ ಸಂಬಳ ಕೊಡದೇನೇ ನಡೀತಿದ್ದೀಯಾ?" ಎಂದಳು ತಮಿಳಿನಲ್ಲಿ, ನಿಜವಾಗಿ ಆಶ್ಚರ್ಯಪಟ್ಟು. "ನಾನಾದ್ರೆ ಸಂಬಳ ಕೊಡದಿದ್ರೆ ಒಂದು ನಿಮಿಷಾನೂ ನಿಲ್ತಿರ್ಲಿಲ್ಲ. ನೋಡು, ಇವತ್ತು ರಜೆ ಸಿಕ್ಕಿದೆ, ಇಲ್ಲಿ ಕೂರೋಕೆ ಕುರ್ಚಿ ಸಿಕ್ಕಿದೆ, ಏಸಿ ಬೇರೆ. ಅವರು ನನ್ನ ಹೆಸರು ನಿಧಾನವಾಗಿ ಕರೀಲಿ ಅಂತಲೇ ಬೇಡ್ಕೋತಾ ಇದ್ದೀನಿ."

ನನಗೆ ನಗು ಬಂತು. ಅಷ್ಟು ದಿನಗಳಲ್ಲಿ ಮೊದಲ ಸಲ. ಅವಳು ತನ್ನ ಶಾಲಿನ ಅರ್ಧವನ್ನು ನನ್ನ ಮೊಣಕಾಲಿನ ಮೇಲೆ ಹರಡಿದಳು. ನನ್ನ ಹೆಸರು ಮೊದಲು ಕರೆದರು. ಎದ್ದಾಗ ಅವಳು, "ಹೋಗು ಮಾ, ಕಾಲು ತಾನೇ, ತಲೆ ಅಲ್ಲವಲ್ಲ," ಎಂದಳು.

ವರದಿ ಬಂದ ದಿನ ಅಪ್ಪಯ್ಯ ಜೊತೆಗಿದ್ದರು. ಎಲುಬಿನಲ್ಲಿ ಕೂದಲೆಳೆಯಂತಹ ಬಿರುಕು ಶುರುವಾಗಿತ್ತು. ಬರೀ ಸ್ಪ್ಲಿಂಟ್ಸ್ ಎಂಬ ಹಂತ ಎಂದೋ ದಾಟಿತ್ತು. ವೈದ್ಯೆ ನನ್ನ ಕಾಲನ್ನು ಮತ್ತೆ ನೋಡಿ, ಚರ್ಮದ ಮೇಲಿದ್ದ ಕಂದು ಗುರುತುಗಳ ಬಗ್ಗೆ ಕೇಳಿದರು.

"ಅದು ನಾನೇ, ಡಾಕ್ಟರ್," ಎಂದರು ಅಪ್ಪಯ್ಯ ತಮಿಳಿನಲ್ಲಿ, ನೆಟ್ಟಗೆ ಕೂತು. "ದಿನಾ ಒತ್ತುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ."

ವೈದ್ಯೆ ಪೆನ್ನನ್ನು ಮೇಜಿನ ಮೇಲೆ ಇಟ್ಟರು. "ಮಾಂಸಖಂಡ ಆಗಿದ್ರೆ ಸರಿ ಸಾರ್. ಇದು ಎಲುಬು. ನೋಯುವ ಎಲುಬನ್ನು ಒತ್ತಬಾರದು." ಆಮೇಲೆ, ಅಪ್ಪಯ್ಯನ ಮುಖ ನೋಡಿ, "ಬಿರುಕು ಬಂದದ್ದು ಒತ್ತಿದ್ದರಿಂದ ಅಲ್ಲ, ನಡೆದದ್ದರಿಂದ," ಎಂದು ಸೇರಿಸಿದರು. ಆ ಎರಡನೆಯ ಮಾತು ಅಪ್ಪಯ್ಯನಿಗೆ ಕೇಳಿಸಲಿಲ್ಲ ಎಂದು ನನಗೆ ಖಾತ್ರಿಯಿದೆ. ಅವರು ತಮ್ಮ ಹೆಬ್ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು.

ನಡಿಗೆಯ ಪರೀಕ್ಷೆಗೆ ಹೋಗಬಹುದೇ ಎಂದು ನಾನು ಕೇಳಿದೆ. "ಬಿರುಕು ಪೂರ್ತಿ ಸೀಳಬಹುದು. ನಾನು ಬೇಡ ಅಂತೀನಿ," ಎಂದರು ವೈದ್ಯೆ. ಪರೀಕ್ಷೆ ಮುಂದೂಡುವಂತೆ ಮನವಿ ಕಳಿಸಿದೆ. ಅಂಥ ಅವಕಾಶವಿಲ್ಲ ಎಂದು ಉತ್ತರ ಬಂತು. ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ, ನಿಯಮ ಹಾಗೆಯೇ ಇದೆ.

ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಯಾರನ್ನೂ ದೂರಲಿಲ್ಲ. ಅದೇ ಕಷ್ಟವಾಗಿತ್ತು. ಅಮ್ಮ ಹೋಟೆಲಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಬಚ್ಚಲಿನಲ್ಲಿ ಇಟ್ಟಳು, ನಾನು ಕೂತು ಸ್ನಾನ ಮಾಡಲಿ ಎಂದು. ಅಪ್ಪಯ್ಯ ಸಂಜೆ ಮನೆಗೆ ಬರುವುದನ್ನು ಬಿಟ್ಟರು. ಗಲ್ಲಾದಲ್ಲಿ ಕೂರಲು ಬೇರೆ ಜನ ಇಲ್ಲ ಎಂದರು. ಎಣ್ಣೆಯ ಬಟ್ಟಲು ತಿರುಗಿ ಅಡುಗೆಮನೆಯ ಕಪಾಟಿಗೆ ಹೋಯಿತು.

ಪರೀಕ್ಷೆಯ ಹಿಂದಿನ ದಿನ ಅಮ್ಮ, "ಹೋಗ್ಬೇಡ. ಕಾಲು ಉಳಿದ್ರೆ ಸಾಕು," ಎಂದಳು. ನಾನು ಹೊಸ ಶೂಗಳ ಧೂಳು ಒರೆಸಿದೆ. ಅಪ್ಪಯ್ಯ ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ, "ಹೋಗುವುದಾದ್ರೆ ನಾನೂ ಬರ್ತೇನೆ," ಎಂದರು. ಮರುದಿನ ಇಬ್ಬರೂ ಹೊರಟೆವು. ಬೆಳಗಿನ ಇಡ್ಲಿಯ ಹೊತ್ತಿನಲ್ಲಿ ಅವರು ಹೋಟೆಲು ಬಿಟ್ಟು ಹೊರಟದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಗರದ ಹೊರಗಿನ ರಸ್ತೆ ಅದು. ಜೊತೆಗೆ ಬಂದವರು ಕೊನೆಯ ಗುರುತಿನ ಹತ್ತಿರ ಕಾಯಬೇಕಿತ್ತು. ಎದೆಗೆ ಸಂಖ್ಯೆಯ ಬಟ್ಟೆ ಕಟ್ಟಿಕೊಂಡು ಹೊರಟೆವು. ಕಾಲು ಮೊದಲ ಹೆಜ್ಜೆಯಲ್ಲೇ ಹೇಳಿತು. ಪಕ್ಕದಲ್ಲಿ ಕ್ರೋಂಪೇಟೆಯಿಂದ ಬಂದಿದ್ದ ಹುಡುಗಿಯೊಬ್ಬಳು ನನ್ನ ಕುಂಟುವಿಕೆಗೆ ತನ್ನ ವೇಗ ಇಳಿಸಿದಳು.

"ಅಕ್ಕಾ, ಕಾಲಿನ ಕಡೆ ನೋಡಬೇಡಿ. ಮರ ನೋಡ್ಕೊಂಡು ಬನ್ನಿ," ಎಂದಳು.

"ನೀನು ಹೋಗು, ನಿನ್ನ ಸಮಯ ಹಾಳಾಗುತ್ತೆ," ಎಂದೆ.

"ಸ್ವಲ್ಪ ದೂರ ಇರ್ತೀನಿ, ಪರವಾಗಿಲ್ಲ."

ನಾನು ಮರಗಳ ಹೆಸರು ಹೇಳಿಕೊಳ್ಳುತ್ತಾ ನಡೆದೆ. ಬೇವು, ಹೊಂಗೆ, ತಾಳೆ, ಮತ್ತೆ ಬೇವು. ಒಂದು ತಿರುವಿನಲ್ಲಿ ಅವಳು ತಿರುಗಿ ನೋಡುತ್ತಾ ಮುಂದೆ ಹೋದಳು, ಹೋಗಬೇಕಾಗಿತ್ತು. ಅದಾದ ಮೇಲೆ ನನಗೆ ಗುರುತಿರುವ ಒಂದು ಮರದ ಹೆಸರು ನೆನಪಿಗೆ ಬರಲಿಲ್ಲ. ನಿಂತು ಯೋಚಿಸಿದೆ. ನಿಂತಾಗಲೂ ನೋವು ಕಡಿಮೆಯಾಗಲಿಲ್ಲ ಎಂಬುದು ಗೊತ್ತಾಯಿತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ.

ಹಿಂದಿನಿಂದ ಬಂದ ಇಲಾಖೆಯ ನೌಕರರೊಬ್ಬರು, ವಯಸ್ಸಾದವರು, ನೀರಿನ ಬಾಟಲಿ ಕೊಟ್ಟು ಗಡಿಯಾರ ನೋಡಿದರು. "ಇನ್ನೂ ಸಮಯ ಇದೆ ಮಾ. ಕೂತುಕೊಳ್ಳಿ, ಆಮೇಲೆ ನೋಡೋಣ," ಎಂದರು. ಅವರು ಬಹಳ ಹೊತ್ತು ನನ್ನ ಹತ್ತಿರ ನಿಂತರು. ನಾನು ಏಳಲು ನೋಡಿದೆ. ಎರಡನೆಯ ಸಲ ನೋಡಿದಾಗ ಅವರೇ ತಲೆ ಅಲ್ಲಾಡಿಸಿದರು. ಎದೆಯ ಬಟ್ಟೆಯನ್ನು ನಾನೇ ಬಿಚ್ಚಿ ಅವರ ಕೈಗೆ ಕೊಟ್ಟೆ.

ಅರಣ್ಯ ಇಲಾಖೆಯ ಜೀಪಿನಲ್ಲಿ ನಾನು ಕೂತದ್ದು ಅದೊಂದೇ ಸಲ.

ಕೊನೆಯ ಗುರುತಿನ ಹತ್ತಿರ ಅಪ್ಪಯ್ಯ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು. ನಡೆದು ಬರುವವರಲ್ಲಿ ನನ್ನನ್ನು ಹುಡುಕುತ್ತಿದ್ದರಿಂದ ಜೀಪಿನ ಕಡೆ ಅವರ ಗಮನ ಹೋಗಲಿಲ್ಲ. ನಾನು ಇಳಿದು, ಹಿಂದಿನಿಂದ "ಅಪ್ಪಯ್ಯ" ಎಂದು ಕರೆಯಬೇಕಾಯಿತು.

ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ನಾನು ಕುಡಿದೆ. ಕ್ರೋಂಪೇಟೆಯ ಹುಡುಗಿ ಗುರುತು ದಾಟಿ ಬಂದು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಳು. ನನ್ನನ್ನು ನೋಡಿ ನಗಬೇಕೋ ಬೇಡವೋ ತಿಳಿಯದೆ ಮುಖ ತಿರುಗಿಸಿದಳು. ಅವಳ ಮೇಲೆ ನನಗೆ ಅಸೂಯೆ ಇರಲಿಲ್ಲ ಎಂದು ಬರೆಯಲು ನೋಡಿದೆ. ಅದು ಸುಳ್ಳಾಗುತ್ತದೆ.

ಮತ್ತೆ ಸ್ಕ್ಯಾನ್ ಮಾಡಿಸಿದಾಗ ಬಿರುಕು ಪೂರ್ತಿ ಸೀಳಿರಲಿಲ್ಲ, ಆದರೆ ಅಗಲವಾಗಿತ್ತು. ಮಂಡಿಯವರೆಗೆ ಬರುವ ಗಟ್ಟಿ ಬೂಟು, ಊರುಗೋಲು, ಡಿ ವಿಟಮಿನ್ನಿನ ಮಾತ್ರೆ. ರಕ್ತಪರೀಕ್ಷೆಯಲ್ಲಿ ಅದು ಬಹಳ ಕಡಿಮೆ ಇದೆ ಎಂದು ಗೊತ್ತಾಗಿತ್ತು. ವರ್ಷಗಟ್ಟಲೆ ಪುಸ್ತಕದ ಮುಂದೆ ಕೋಣೆಯಲ್ಲಿ ಕೂತವಳ ಎಲುಬು ಅಷ್ಟು ನಡಿಗೆಗೆ ಸಿದ್ಧವಾಗಿರಲಿಲ್ಲ. ಬೂಟು ತೆಗೆದ ಮೇಲೆ ಫಿಸಿಯೋಥೆರಪಿ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು. ಒಂದು ಕಾಲಿನ ಮೇಲೆ ನಿಲ್ಲುವುದು. ಎಲುಬಿಗೆ ಬೀಳುವ ಪೆಟ್ಟನ್ನು ಮೀನಖಂಡ ತಡೆದುಕೊಳ್ಳಬೇಕಂತೆ. ಅದನ್ನು ಬಲಪಡಿಸುವುದು ನಡಿಗೆ ಶುರು ಮಾಡುವ ಮೊದಲು ಆಗಬೇಕಿದ್ದ ಕೆಲಸ. ಎಲ್ಲವನ್ನೂ ಹೇಳಿದಂತೆ ಮಾಡಿದೆ. ನಾನು ಒಳ್ಳೆಯ ರೋಗಿ ಎಂದು ಅಲ್ಲಿಯವರು ಹೊಗಳಿದರು. ಯಾವುದಕ್ಕಾಗಿ ಗುಣವಾಗುತ್ತಿದ್ದೇನೆ ಎಂದು ಅವರು ಕೇಳಲಿಲ್ಲ.

ಆಯ್ಕೆಯಾದವರ ಹೆಸರು ಬಂತು, ನಾನು ನೋಡಲಿಲ್ಲ. ನನ್ನ ಹುಟ್ಟಿದ ದಿನ ಬಂತು. ಅಮ್ಮ ಪಾಯಸ ಮಾಡಿದಳು. ಆ ದಿನಕ್ಕೆ ವಯಸ್ಸಿನ ಮಿತಿ ಮುಗಿಯಿತು ಎಂದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು. ಪಾಯಸ ಚೆನ್ನಾಗಿದೆ ಎಂದು ಮೂವರೂ ಹೇಳಿದೆವು. ಈಗ ನಾನು ಪೋರೂರಿನ ಒಂದು ಕಚೇರಿಯಲ್ಲಿ, ಔಷಧ ಕಂಪನಿಗಳ ವರದಿಗಳನ್ನು ತಿದ್ದುವ ಕೆಲಸದಲ್ಲಿದ್ದೇನೆ. ಕೂತು ಮಾಡುವ ಕೆಲಸ.

ನಮ್ಮ ಹೋಟೆಲಿನಲ್ಲಿ ಹೊಸದಾಗಿ ಸೇರಿದವರು ಕಾಲುನೋವು ಎಂದರೆ ಅಪ್ಪಯ್ಯ ಈಗ ಪಳಗುವ ನೋವಿನ ಮಾತು ಎತ್ತುವುದಿಲ್ಲ. ಎರಡು ದಿನ ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಟೋಕನ್ ಹರಿಯುವ ಕೆಲಸ ಕೊಡುತ್ತಾರೆ. ಅಡುಗೆ ಭಟ್ಟರು, "ಧಣಿಗಳು ಮೆತ್ತಗಾದ್ರು," ಎಂದು ನಗುತ್ತಾರಂತೆ. ಆದರೆ ನನ್ನ ಹತ್ತಿರ ಬಂದು ಕೂರುವುದು ಅಪ್ಪಯ್ಯನಿಗೆ ಇನ್ನೂ ಆಗಿಲ್ಲ. ಅವರ ತಪ್ಪಲ್ಲ ಎಂದು ಹೇಳಲು ನಾನು ಒಂದೆರಡು ಸಲ ಬಾಯಿ ತೆರೆದೆ. ಹಾಗೆ ಹೇಳಿದರೆ ತಪ್ಪು ಎಂಬುದೊಂದು ಇತ್ತು ಎಂದು ಒಪ್ಪಿಕೊಂಡಂತಾಗುತ್ತದೆ ಎಂದು ಸುಮ್ಮನಾದೆ.

ಕಳೆದ ತಿಂಗಳು ಕೊನೆಯ ತಪಾಸಣೆ ಇತ್ತು. ನಾನೊಬ್ಬಳೇ ಹೋಗುತ್ತೇನೆ ಎಂದರೂ ಅಪ್ಪಯ್ಯ ಬಂದರು, ಒಳಗೆ ಮಾತ್ರ ಬರಲಿಲ್ಲ. ವೈದ್ಯೆ ಎಲುಬಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಒತ್ತಿದರು. ಎಲ್ಲಿಯೂ ನೋವಿರಲಿಲ್ಲ. ಒಂದು ಕಾಲಿನ ಮೇಲೆ ಕುಪ್ಪಳಿಸಲು ಹೇಳಿದರು, ಕುಪ್ಪಳಿಸಿದೆ. ಅವರಿಗೆ ಸಂತೋಷವಾಯಿತು, ಕೈಕುಲುಕಿದರು.

ಹೊರಗೆ ಅಪ್ಪಯ್ಯ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಎಂತ ಹೇಳಿದ್ರು?"

"ಪೂರ್ತಿ ವಾಸಿಯಾಗಿದೆಯಂತೆ. ಇನ್ನು ಎಷ್ಟು ದೂರ ಬೇಕಾದ್ರೂ ನಡೀಬಹುದಂತೆ."

ಮನೆ ಅಲ್ಲಿಂದ ಎರಡು ಬೀದಿ ಆಚೆ.

"ಆಯ್ತು," ಎಂದು ಎದ್ದು, ಆಟೋ ಕರೆಯಲು ಹೋದರು. ನಾನು ಬೇಡ ಅನ್ನಲಿಲ್ಲ.